ಸೊಂಟ ನೋವಿಗೆ ಕರೆಂಟು, ಶಾಖ ಮುಂದುವರಿಸಬೇಕಾ ಅಥವಾ ವ್ಯಾಯಾಮನಾ?

ಆಲೆಮನೆ ಹುಡುಗ, ಮಂಡ್ಯ:
ನಮ್ಮಪ್ಪನಿಗೆ 58. ಕಬ್ಬಿನ ಹೊರೆ ಎತ್ತುವಾಗ ಸೊಂಟ ಹಿಡಿದುಕೊಂಡು ನಾಲ್ಕು ತಿಂಗಳಾಯಿತು. ಫಿಸಿಯೋಥೆರಪಿ ಹದಿನೈದು ಸಿಟ್ಟಿಂಗ್ ಮುಗಿದಿದೆ. ಬೋರಲು ಮಲಗಿಸಿ ನಾಲ್ಕು ಪ್ಯಾಡ್ ಅಂಟಿಸಿ ಜುಮ್ ಅನ್ನುವ ಕರೆಂಟು ಕೊಡುತ್ತಾರೆ, ಆಮೇಲೆ ಜೆಲ್ ಹಚ್ಚಿ ಅಲ್ಟ್ರಾಸೌಂಡ್, ಒಮ್ಮೊಮ್ಮೆ ಬೆಲ್ಟ್ ಕಟ್ಟಿ ಸೊಂಟ ಎಳೆಯುವ ಟ್ರಾಕ್ಷನ್. ಅವತ್ತು ಹಗುರ ಅನ್ನುತ್ತಾರೆ. ಮಾರನೇ ದಿನ ಹಸುವಿಗೆ ಹುಲ್ಲು ಹಾಕಲು ಬಗ್ಗಿದರೆ ಮತ್ತೆ ಅದೇ ಕಥೆ. ಎಂಆರ್‌ಐನಲ್ಲಿ ಡಿಸ್ಕ್ ಬಲ್ಜ್, ಅಂದರೆ ಬೆನ್ನುಮೂಳೆಗಳ ನಡುವಿನ ಮೆತ್ತೆ ಉಬ್ಬಿದೆ ಅಂತ ಬಂದಿದೆ, ಅದನ್ನು ಕೇಳಿದ ಮೇಲೆ ಅಪ್ಪ ನೀರಿನ ಬಿಂದಿಗೆ ಮುಟ್ಟುವುದಕ್ಕೂ ಹೆದರುತ್ತಾರೆ. ಮೈಸೂರಿನ ಭಾವ ಮಾತ್ರ ಮೆಷಿನ್ ಬಿಡಿಸು, ವ್ಯಾಯಾಮ ಮಾಡಿಸು ಅನ್ನುತ್ತಾರೆ. ನೋಯುವವರಿಗೆ ವ್ಯಾಯಾಮನಾ?

ಕುಕ್ಕರಹಳ್ಳಿ ವಾಕರ್, ಮೈಸೂರು:
ನಾನು ಫಿಸಿಯೋಥೆರಪಿಸ್ಟ್. ಮೊದಲು ಆ ಎಂಆರ್‌ಐ ಭಯ ಬಿಡಿಸಿ. 50ರ ವಯಸ್ಸಿನಲ್ಲಿ ಸೊಂಟ ನೋವೇ ಇಲ್ಲದವರಿಗೆ ಸ್ಕ್ಯಾನ್ ಮಾಡಿದರೂ ನೂರಕ್ಕೆ ಸುಮಾರು 60 ಜನರಲ್ಲಿ ಬಲ್ಜ್ ಕಾಣುತ್ತದೆ. ಕೂದಲು ನೆರೆತ ಹಾಗೆ ಅದು.

ವ್ಯಾಯಾಮವೂ ಫಿಸಿಯೋಥೆರಪಿಯೇ, ಬರೀ ಮೆಷಿನ್ ಹಾಕಿ ಕಳಿಸುವುದು ಸುಲಭ ಅಂತ ನಮ್ಮವರೇ ಹಾಗೆ ಅಭ್ಯಾಸ ಮಾಡಿಸಿದ್ದಾರೆ. ಮೂರು ತಿಂಗಳು ದಾಟಿದ ನೋವಿಗೆ ಅಲ್ಟ್ರಾಸೌಂಡ್, ಟೆನ್ಸ್ ಅನ್ನುವ ಪ್ಯಾಡ್ ಕರೆಂಟು, ಟ್ರಾಕ್ಷನ್, ಸೊಂಟದ ಬೆಲ್ಟ್ ಬೇಡ ಅಂತ 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ, ವ್ಯಾಯಾಮ ಮಾಡಿಸಿ ಅಂದಿದೆ. ಹಾಗಂತ ಇದು ಮಂತ್ರದಂಡವೂ ಅಲ್ಲ. ಚಿಕಿತ್ಸೆಗಳ ಪ್ರಯೋಗಗಳನ್ನೆಲ್ಲ ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2021ರ ವಿಮರ್ಶೆ ಇಂಥ ನೋವಿಗೆ ವ್ಯಾಯಾಮ ಮಾಡಿಸಿದ 249 ಪ್ರಯೋಗಗಳನ್ನು ನೋಡಿತು. 100 ಅಂಕದ ನೋವಿನ ಅಳತೆಯಲ್ಲಿ, ಚಿಕಿತ್ಸೆಯೇ ಇಲ್ಲದ, ಮಾಮೂಲಿ ಆರೈಕೆ ಅಥವಾ ಹುಸಿ ಚಿಕಿತ್ಸೆ ಪಡೆದವರಿಗಿಂತ ವ್ಯಾಯಾಮ ಮಾಡಿದವರಿಗೆ ಸುಮಾರು 15 ಅಂಕ ಕಡಿಮೆ. ಬೇರೆ ಚಿಕಿತ್ಸೆಗಳ ಪಕ್ಕ ಇಟ್ಟರೆ ಆ ಅಂತರ ಇನ್ನೂ ಚಿಕ್ಕದು.

ಕಾಲಿನ ಶಕ್ತಿ ಕುಂದಿದರೆ, ಮೂತ್ರ ಹಿಡಿತ ತಪ್ಪಿದರೆ, ತೊಡೆ ಸಂದಿ ಜೋಮು ಹಿಡಿದರೆ ಮಾತ್ರ ವ್ಯಾಯಾಮ ಗೀಯಾಮ ಅಂತ ಕೂರಬೇಡಿ, ಅವತ್ತೇ ಆಸ್ಪತ್ರೆಗೆ ಓಡಿ.

ಬೆಲ್ಲದಚ್ಚು, ಪಾಂಡವಪುರ:
ಸುಮ್ನೆ ಹೆದರಿಸ್ತೀರಲ್ಲ ಸಾರ್. ನನಗೆ ಶಾಖ ಕೊಟ್ಟ ಮೇಲೇ ಬಸ್ಸಿನಲ್ಲಿ ಕೂರಲು ಆಗಿದ್ದು.

ಕುಕ್ಕರಹಳ್ಳಿ ವಾಕರ್:
ಬಿಸಿನೀರಿನ ಚೀಲ ಇಟ್ಟುಕೊಳ್ಳಿ, ಯಾರು ಬೇಡ ಅಂದರು? ಅದರಿಂದ ನೋವು ತಗ್ಗಿದ ಆ ಅರ್ಧ ಗಂಟೆಯಲ್ಲಿ ಎದ್ದು ಓಡಾಡಿ, ಅಷ್ಟೇ.

ಮೂರನೇ ಮಹಡಿ ಅತ್ತೆ, ಕುವೆಂಪುನಗರ:
ನಾನು ಮಾಡಿದ್ದು ಹೇಳುತ್ತೇನೆ ಕಣಪ್ಪ. ಚಾಪೆ ಮೇಲೆ ಕೈ, ಮಂಡಿ ಊರಿ ಎಡಗೈ ಬಲಗಾಲು ನೀಟಾಗಿ ಚಾಚುವುದು, ಹತ್ತು ಎಣಿಸಿ ಇಳಿಸುವುದು. ಮೊದಲ ವಾರ ಇನ್ನೂ ಜಾಸ್ತಿ ನೋಯಿತು, ಮೊಮ್ಮಗಳು ಬೆನ್ನ ಮೇಲೆ ಹತ್ತಿ ಕುದುರೆ ಆಟ ಬೇರೆ. ಎಂಟು ವಾರಕ್ಕೆ ಕುಕ್ಕರ್ ಎತ್ತಿದೆ. ಆಮೇಲೆ ಸರಿಹೋಯಿತಲ್ಲ ಅಂತ ಬಿಟ್ಟೆ, ದೀಪಾವಳಿಗೆ ಮತ್ತೆ ಬಂತು. ತಪ್ಪು ನನ್ನದೇ.

ಕುಕ್ಕರಹಳ್ಳಿ ವಾಕರ್:
ಅಲ್ವಾ ಅತ್ತೆ. ನೋವು ವಾಸಿಯಾದವರನ್ನೇ ಆಸ್ಟ್ರೇಲಿಯಾದಲ್ಲಿ ನಿಧಾನಕ್ಕೆ ನಡಿಗೆ ಹೆಚ್ಚಿಸುತ್ತಾ ನಡೆಸಿ ನೋಡಿದ್ದಾರೆ, 2024ರ ವರದಿ. ನಡೆದವರಲ್ಲಿ ಅರ್ಧದಷ್ಟು ಜನರಿಗೆ ನೋವು ಮರಳಲು 208 ದಿನ ಹಿಡಿಯಿತು, ನಡೆಯದವರಿಗೆ 112.

ಆಲೆಮನೆ ಹುಡುಗ:
ಇವತ್ತು ಸಂಜೆ ಅಪ್ಪನನ್ನು ವಿ.ಸಿ. ನಾಲೆ ಏರಿ ಮೇಲೆ ಹತ್ತು ನಿಮಿಷ ನಡೆಸಿದೆ. ಬರುವಾಗ ಅರ್ಧ ತುಂಬಿದ ಬಿಂದಿಗೆ ಅವರೇ ತಂದರು. ಅಮ್ಮ ಬೈದಳು.