ಅಪ್‌ಡೇಟ್: ಬೆಂಗಳೂರಲ್ಲಿ ಕೊನೆಗೆ ಜಯನಗರದಲ್ಲಿ ಉಳಿದೆವು

ಅಪ್ಪ ಅಮ್ಮನ ಜೊತೆ ಮಂಡ್ಯದಿಂದ ಬೆಂಗಳೂರಿಗೆ ಹೋದರೆ ಎಲ್ಲಿ ಉಳಿಯೋದು ಅಂತ ಕೇಳಿದ್ದೆನಲ್ಲ, ಹೋಗಿ ಬಂದೆವು. "ಹಸಿರು ಲೈನ್ ಮೆಟ್ರೋ ಹತ್ತಿರ ರೂಮ್ ಮಾಡಿ" ಅಂದವರ ಮಾತೇ ಕೈ ಹಿಡಿಯಿತು. ಜಯನಗರ ಸ್ಟೇಷನ್‌ನಿಂದ ನಡೆದು ಹೋಗುವಷ್ಟು ದೂರದಲ್ಲೇ ಸಿಕ್ಕಿತು. ಅಲ್ಲಿಂದ ಲಾಲ್‌ಬಾಗ್ ಎರಡನೇ ಸ್ಟೇಷನ್. ಅಪ್ಪನ ಬೆಳಗಿನ ವಾಕಿಂಗೂ ಅಲ್ಲೇ ಆಯ್ತು.

ಮೆಜೆಸ್ಟಿಕ್‌ನಲ್ಲಿ ಉಳಿಯಿರಿ ಅಂತ ಕೆಲವರು ಕೊಟ್ಟ ಸಲಹೆ ನಮಗೆ ಸರಿಹೋಗಲಿಲ್ಲ. ನೋಡಿದ ಲಾಡ್ಜ್‌ನಲ್ಲಿ ಲಿಫ್ಟ್ ಇರಲಿಲ್ಲ, ಅಪ್ಪನಿಗೆ ಮಂಡಿನೋವು ಬೇರೆ. ಒಬ್ಬರೇ ಹೋಗಿ ರಾತ್ರಿ ಬಸ್ ಹಿಡಿಯುವವರಿಗೆ ಅದೇ ವಾಸಿ.

ನಮಗೆ ಗೊತ್ತೇ ಇರದಿದ್ದ ವಿಷಯ, ಸಿಟಿ ರೈಲ್ವೆ ಸ್ಟೇಷನ್ ಪಕ್ಕದಲ್ಲೇ ನೇರಳೆ ಲೈನ್ ಮೆಟ್ರೋ ಇದೆ. ಮುಂದಿನದೇ ಮೆಜೆಸ್ಟಿಕ್, ಅಲ್ಲಿ ಹಸಿರು ಲೈನಿಗೆ ಬದಲಾಯಿಸಿದರೆ ಸೀದಾ ಜಯನಗರ. ಆಟೋದವರ ಜೊತೆ ಚೌಕಾಸಿಯೇ ಬೇಕಾಗಲಿಲ್ಲ! ಆದರೆ ರೂಮ್ ಕೊಟ್ಟಿದ್ದು ಮಧ್ಯಾಹ್ನ. ಬೆಳಗಿನ ರೈಲಿಗೆ ಹೋಗುವವರು ಮೊದಲೇ ಫೋನ್ ಮಾಡಿ ಕೇಳಿಕೊಳ್ಳಿ.