ಝೋಡಿಯಾಕ್ ಪತ್ರದ ಹಾಡು: ಕಾಗುಣಿತ ನೋಡಿ ಕೊಲೆಗಾರನ್ನ ಹಿಡಿಯೋಕಾಗುತ್ತಾ?

ಕೋಟೆಗುಡ್ಡ_ಬಳ್ಳಾರಿ: ರಾತ್ರಿ ಕೂತು ಝೋಡಿಯಾಕ್ ಪತ್ರಗಳನ್ನು ಮತ್ತೆ ಓದಿದೆ. ಗೊತ್ತಿಲ್ಲದವರಿಗೆ ಹೇಳ್ತೀನಿ, 1968ರ ಡಿಸೆಂಬರ್‌ನಿಂದ 1969ರ ಅಕ್ಟೋಬರ್‌ವರೆಗೆ ಕ್ಯಾಲಿಫೋರ್ನಿಯಾದಲ್ಲಿ ಐದು ಜನರನ್ನು ಕೊಂದು, ಪೇಪರಿನವರಿಗೆ ಪತ್ರ ಬರೀತಿದ್ದ ಆಸಾಮಿ. ಇವತ್ತಿಗೂ ಯಾರು ಅಂತ ಗೊತ್ತಾಗಿಲ್ಲ. 1970ರ ಜುಲೈ ಪತ್ರದಲ್ಲಿ ‘ದಿ ಮಿಕಾಡೊ’ ಅನ್ನೋ 1885ರ ಇಂಗ್ಲಿಷ್ ಸಂಗೀತ ನಾಟಕದ ಹಾಡು ಬರೆದಿದ್ದಾನೆ. ತಲೆ ಕಡಿಯುವ ಅಧಿಕಾರಿ ಕೊ-ಕೊ, ಯಾರ್ಯಾರು ಸತ್ತರೆ ನಷ್ಟವಿಲ್ಲ ಅಂತ ಪಟ್ಟಿ ಓದುವ ಹಾಡು ಅದು. ಆದರೆ ಪದಗಳು ಮೂಲದ ಹಾಗಿಲ್ಲ, ಅಲ್ಲಲ್ಲಿ ಜಾರಿವೆ. ಅಂದರೆ ಪುಸ್ತಕ ನೋಡಿ ಬರೆದದ್ದಲ್ಲ, ಬಾಯಿಪಾಠ. 1974ರ ಪತ್ರದಲ್ಲೂ ಅದೇ ನಾಟಕದ ಇನ್ನೊಂದು ಹಾಡಿನ ಸಾಲುಗಳಿವೆ. ನಮ್ಮಜ್ಜ ದೊಡ್ಡಾಟದಲ್ಲಿ ಪಾತ್ರ ಮಾಡ್ತಿದ್ದ. ಅವನ ಆಟದ ನೋಟ್‌ಬುಕ್ ಇನ್ನೂ ಮನೇಲಿದೆ, ತುಂಬಾ ಎಣ್ಣೆ ಕಲೆ, ಒಂದು ಮೂಲೆ ಇಲಿ ತಿಂದಿದೆ. ‘ಭೀಮ’ ಎಲ್ಲಾ ಕಡೆ ‘ಬೀಮ’, ‘ದುರ್ಯೋಧನ’ ಎಲ್ಲಾ ಕಡೆ ‘ದುರ್ಯೋದನ’. ಕಿವೀಲಿ ಕೇಳಿದ್ದು ಹಾಗೇ ಕೈಗೆ ಬಂದಿದೆ. ಝೋಡಿಯಾಕ್ ಕೂಡ ಹಾಗೇ, ಆ ನಾಟಕದಲ್ಲಿ ಬಣ್ಣ ಹಚ್ಚಿದವನೇ ಅವನು.

ದೋಆಬ್ ದೊಡ್ಡಪ್ಪ: “ಬಣ್ಣ ಹಚ್ಚಿದವನೇ” ಅಂತೆ! ನಮ್ಮಮ್ಮ ಮಾನ್ವಿ ಜಗನ್ನಾಥದಾಸರ ಪದ ಹಾಡ್ತಾಳೆ, ಅರ್ಧ ಪದ ಅವಳದ್ದೇ ಸೇರಿರುತ್ತೆ. ಹಾಗಂತ ತಂಬೂರಿ ಹಿಡಿದು ಊರೂರು ತಿರುಗಿದಾಳಾ? ಅಲ್ಲಿ ಗ್ರಾಮಫೋನ್ ಇತ್ತು, ರೇಡಿಯೊ ಇತ್ತು, ಶಾಲೆಗಳಲ್ಲೂ ಆ ನಾಟಕ ಆಡಿಸ್ತಿದ್ರು. ಯಾರ ಬಾಯಿಗೆ ಬೇಕಾದ್ರೂ ಬರುತ್ತೆ.

ಕಿನ್ನಾಳ ಗೊಂಬೆ: ಹಾಡು ಪಕ್ಕಕ್ಕಿಡಿ. ಅವನ ಕಾಗುಣಿತ ನೋಡಿ. ಇಂಗ್ಲಿಷಿನ ‘ಪ್ಯಾರಡೈಸ್’ಗೆ ಎಸ್ ಹಾಕೋ ಕಡೆ ಸಿ ಹಾಕ್ತಾನೆ. 1969ರಲ್ಲಿ ಅವನು ಪೇಪರಿಗೆ ಕಳಿಸಿದ 408 ಚಿಹ್ನೆಯ ಗುಪ್ತಲಿಪಿಯಲ್ಲಿ ಈ ತಪ್ಪಿದೆ. ಅದೇ ವರ್ಷದ 340 ಚಿಹ್ನೆಯದ್ದನ್ನು 2020ರಲ್ಲಿ ಬಿಡಿಸಿದರು, 51 ವರ್ಷ ಆದಮೇಲೆ. ಅದರಲ್ಲೂ ಅದೇ ತಪ್ಪು. ಬೇಕಂತಲೇ ತಪ್ಪು ಬರೆದ ಅನ್ನೋರಿಗೆ ಇದೇ ಉತ್ತರ. ಯಾರೂ ಓದಲಾಗದ ಲಿಪಿಯಲ್ಲಿ ಯಾರಿಗಾಗಿ ನಟನೆ ಮಾಡ್ತಾರೆ? ಅದು ಕೈ ಅಭ್ಯಾಸ.

ಸೋನಾಮಸೂರಿ: ಅಭ್ಯಾಸ ಗೊತ್ತಾದ್ರೆ ಆಳು ಸಿಕ್ಕಹಾಗಾ? ಇಂಗ್ಲೆಂಡಿನ ಯಾರ್ಕ್‌ಶೈರ್ ಸರಣಿ ಕೊಲೆ ಕೇಸು ಓದಿ. 1979ರಲ್ಲಿ ಪೊಲೀಸರಿಗೆ ಒಂದು ಟೇಪ್ ಬಂತು, “ನಾನೇ ಕೊಲೆಗಾರ” ಅಂತ. ಮಾತಿನ ಧಾಟಿ ಕೇಳಿದ ಭಾಷಾ ಪಂಡಿತರು ಸಂಡರ್‌ಲ್ಯಾಂಡ್ ಊರಿನ ಕ್ಯಾಸಲ್‌ಟೌನ್ ಅಂತ ಹೇಳಿದ್ರು. ಪೊಲೀಸರು ಆ ಧಾಟಿಯವನನ್ನೇ ಹುಡುಕ್ತಾ ಕೂತರು. ನಿಜವಾದ ಕೊಲೆಗಾರ ಸಟ್‌ಕ್ಲಿಫ್ ಬೇರೆ ಕಡೆಯವನು. 1981ರಲ್ಲಿ ಸಿಕ್ಕ. ಟೇಪ್ ಬಂದಮೇಲೆ ಇನ್ನೂ ಮೂವರು ಹೆಂಗಸರನ್ನು ಕೊಂದಿದ್ದ.

ಕೋಟೆಗುಡ್ಡ_ಬಳ್ಳಾರಿ: “ಸಂಡರ್‌ಲ್ಯಾಂಡ್ ಅಂತ ಹೇಳಿದ್ರು” ಅಂತ ನೀವೇ ಹೇಳಿದ್ರಿ ಅಕ್ಕಾ. ಟೇಪ್ ಮಾಡಿದವನು ಆ ಊರಿನವನೇ, 2006ರಲ್ಲಿ ಶಿಕ್ಷೆ ಆಯ್ತು. ಪಂಡಿತರು ತಪ್ಪಿಲ್ಲ, ಪೊಲೀಸರು ತಪ್ಪಿದ್ರು. ನಾನು ಬೇಕಾದ್ರೆ ಯಾರದೇ ಎರಡು ಸಾಲು ಓದಿ ಜಿಲ್ಲೆ ಹೇಳ್ತೀನಿ.

ಸೋನಾಮಸೂರಿ: ಹೌದಾ? ನಮ್ಮ ಮನೇಲಿ ಆಡೋ ಮಾತು ಬರೀತೀನಿ. “ಮಳಿ ಬರ್ಲಿಕತ್ತೈತಿ, ಕೊಡಿ ತಗೊಂಡು ಹೋಗ್ರಿ.” ಹೇಳಿ ನೋಡೋಣ.

ಕೋಟೆಗುಡ್ಡ_ಬಳ್ಳಾರಿ: ಸುಲಭ. ‘ಬರ್ಲಿಕತ್ತೈತಿ’ ಅಂದಮೇಲೆ ರಾಯಚೂರು ಜಿಲ್ಲೆ. ದೇವದುರ್ಗದ ಕಡೆ ಇರಬೇಕು.

ಸೋನಾಮಸೂರಿ: ಹುಟ್ಟಿದ್ದು, ಬೆಳೆದದ್ದು, ಈಗ ಕೂತಿರೋದು ಎಲ್ಲಾ ಗಂಗಾವತಿ. ಕೊಪ್ಪಳ ಜಿಲ್ಲೆ. ನನ್ನ ಹೆಸರು ನೋಡಿದ್ರೂ ಗೊತ್ತಾಗಬೇಕಿತ್ತು, ಅಕ್ಕಿ ಎಲ್ಲಿಂದ ತರ್ತೀರಿ ನೀವು? ಅಮ್ಮ ಮಾತ್ರ ಸಿಂಧನೂರಿನವರು.

ಕೋಟೆಗುಡ್ಡ_ಬಳ್ಳಾರಿ: ಸಿಂಧನೂರು ರಾಯಚೂರು ಜಿಲ್ಲೆ ತಾನೇ! ಮಾತು ಅಮ್ಮನದ್ದು, ಅಂದರೆ ನಾನು ಹೇಳಿದ್ದೇ ಸರಿ. ಅದೂ ಅಲ್ಲದೆ 1997ರವರೆಗೆ ಕೊಪ್ಪಳ ರಾಯಚೂರು ಜಿಲ್ಲೆಯಲ್ಲೇ ಇತ್ತು.

ದೋಆಬ್ ದೊಡ್ಡಪ್ಪ: ಹೀಗೆ ಲೆಕ್ಕ ಹಾಕೋದಾದ್ರೆ ನೀವು ಬಳ್ಳಾರಿಯವರು 1953ರವರೆಗೆ ಮದ್ರಾಸ್ ರಾಜ್ಯದಲ್ಲಿದ್ರಿ. ನಿಮ್ಮನ್ನ ತಮಿಳರು ಅನ್ನೋಣ್ವಾ?

ಕೋಟೆಗುಡ್ಡ_ಬಳ್ಳಾರಿ: ದೊಡ್ಡಪ್ಪಾ, ಮಾತು ಹಿಡಿತದಲ್ಲಿರಲಿ. ಕನ್ನಡ ನಾಡು ಸೇರೋಕೆ ಬಳ್ಳಾರಿ ಎಷ್ಟು ಗುದ್ದಾಡಿದೆ ಗೊತ್ತಾ ನಿಮಗೆ? ನಮ್ಮ ಮನೇಲಿ ಮೂರು ತಲೆಮಾರು ಕನ್ನಡ ಬಿಟ್ಟು ಬೇರೆ ಆಡಿಲ್ಲ.

ದೋಆಬ್ ದೊಡ್ಡಪ್ಪ: “ಬೇರೆ ಆಡಿಲ್ಲ” ಅನ್ನೋರು ಮೊನ್ನೆ ಇಲ್ಲೇ ‘ಬಾಗುಂದಿ’ ಅಂತ ಬರೆದಿದ್ರಿ. ತೆಲುಗು. ಕೈ ಅಭ್ಯಾಸ, ಅಲ್ವಾ ಕಿನ್ನಾಳದವರೇ?

ಕೋಟೆಗುಡ್ಡ_ಬಳ್ಳಾರಿ: ಅದು ತಮಾಷೆಗೆ ಬರೆದದ್ದು!

ದೋಆಬ್ ದೊಡ್ಡಪ್ಪ: ಝೋಡಿಯಾಕ್ ತಮಾಷೆಗೆ ಬರೆದಿದ್ರೆ? 1974ರ ಪತ್ರದಲ್ಲಿ ‘ದಿ ಎಕ್ಸಾರ್ಸಿಸ್ಟ್’ ಅನ್ನೋ ದೆವ್ವದ ಸಿನಿಮಾನ ಒಳ್ಳೆ ಹಾಸ್ಯ ಅಂತ ಹೊಗಳಿದ್ದಾನೆ. ಅದನ್ನೂ ನಿಜ ಅಂತ ನಂಬಿದ್ರಾ?

ಕಿನ್ನಾಳ ಗೊಂಬೆ: ನನ್ನನ್ನ ನಿಮ್ಮ ಜಗಳಕ್ಕೆ ಎಳೀಬೇಡಿ. ಬರಹದಿಂದ ಆಳು ಸಿಕ್ಕ ಕೇಸೂ ಇದೆ. ಅಮೆರಿಕದ ಯೂನಾಬಾಂಬರ್, ಅಂಚೆಯಲ್ಲಿ ಬಾಂಬ್ ಕಳಿಸ್ತಿದ್ದವನು. 1995ರಲ್ಲಿ ಅವನ 35,000 ಪದದ ಬರಹ ಪೇಪರಲ್ಲಿ ಬಂತು, ಸ್ವಂತ ತಮ್ಮ ಓದಿ ಗುರುತು ಹಿಡಿದ. 1996ರ ಏಪ್ರಿಲ್‌ನಲ್ಲಿ ಅರೆಸ್ಟ್.

ಸೋನಾಮಸೂರಿ: “ಸ್ವಂತ ತಮ್ಮ”. ಅಷ್ಟೇ ಸಾಕು ನನಗೆ. ಮನೆಯವರು ಹಿಡಿದದ್ದು, ಪಂಡಿತರಲ್ಲ.

ಕಿನ್ನಾಳ ಗೊಂಬೆ: ತಮ್ಮ ಹಿಡಿದದ್ದೂ ಪದ ನೋಡಿಯೇ ಅಲ್ವಾ ಅಕ್ಕಾ? ಮುಖ ನೋಡಿ ಅಲ್ಲವಲ್ಲ.

ಕೋಟೆಗುಡ್ಡ_ಬಳ್ಳಾರಿ: ‘ಬಾಗುಂದಿ’ ವಿಷಯ ಇನ್ನೂ ಮುಗಿದಿಲ್ಲ ದೊಡ್ಡಪ್ಪಾ. ನಾನು ಬರೆದ ಪೂರ್ತಿ ಸಾಲು ಇಲ್ಲಿ ಹಾಕಿ. ಅರ್ಧ ತೋರಿಸಿದ್ರೆ ಹೇಗೆ?

ಎರೆಮಣ್ಣು: ಈಗ ಬಂದೆ. ಎಲ್ಲಾ ಓದಿದೆ, ಸ್ವಲ್ಪ ಗೊಂದಲ. ಆ ಪಟ್ಟಿ ಹಾಡಿನಲ್ಲಿ ಅವನು ಯಾವ ಪದ ಬದಲಾಯಿಸಿದ, ಯಾರಾದ್ರೂ ಮೂಲದ ಪಕ್ಕ ಇಟ್ಟು ನೋಡಿದ್ದೀರಾ?

ದೋಆಬ್ ದೊಡ್ಡಪ್ಪ: ಅದು ಆಮೇಲೆ. ಮೊದಲು ನಿಮ್ಮದು ಯಾವ ಊರು ಹೇಳಬೇಡಿ. ಕೋಟೆಗುಡ್ಡದವರು ಹೇಳಲಿ.