ಸರ್ಕಾರದ ಸಾಲ: ಲೆಕ್ಕದ ಸಾರ್‌ಗೆ ಕೇಳಿ

ಅಡ್ಮಿನ್: ಈ ವಾರ ನಮ್ಮ ಜೊತೆ ಇರುವವರು ರಾಜ್ಯದ ಲೆಕ್ಕಪತ್ರ ಇಲಾಖೆಯಿಂದ ನಿವೃತ್ತರಾದ ಅಧಿಕಾರಿ. ಗ್ರೂಪಿನಲ್ಲಿ ಎಲ್ಲರಿಗೂ 'ಲೆಕ್ಕದ ಸಾರ್'. ವಿಷಯ: 2025-26ರ ಬಜೆಟ್, ಸರ್ಕಾರದ ಸಾಲ. ಪಕ್ಷ ರಾಜಕೀಯ ಬೇಡ. ಫಾರ್ವರ್ಡ್ ಅಂತೂ ಬೇಡವೇ ಬೇಡ.

ಮೈಸೂರು ಮೇಷ್ಟ್ರು: ನಮಸ್ಕಾರ ಸಾರ್. ಕರ್ನಾಟಕದಲ್ಲಿ ಹುಟ್ಟುವ ಪ್ರತಿ ಮಗುವಿನ ತಲೆ ಮೇಲೂ ಲಕ್ಷ ರೂಪಾಯಿ ಸಾಲ ಇದೆ ಅಂತ ಓದಿದೆ. ನಿಜವಾ?

ಲೆಕ್ಕದ ಸಾರ್: ನಮಸ್ಕಾರ ಮೇಷ್ಟ್ರೇ. ಭಾಗಾಕಾರ ಸರಿಯಾಗಿಯೇ ಇದೆ. ವರ್ಷದ ಕೊನೆಗೆ ರಾಜ್ಯದ ಒಟ್ಟು ಹೊಣೆ 7,64,655 ಕೋಟಿ ಆಗುತ್ತದೆ ಅಂತ ಬಜೆಟ್ಟೇ ಹೇಳಿದೆ. ಜನಸಂಖ್ಯೆಯಿಂದ ಭಾಗಿಸಿದರೆ ತಲೆಗೆ ಲಕ್ಷ ದಾಟುತ್ತದೆ. ಆದರೆ ಆ ಮಗುವಿಗೆ ಯಾರೂ ನೋಟಿಸ್ ಕಳಿಸುವುದಿಲ್ಲ. ಸಾಲ ತಂದ ದುಡ್ಡು ಎಲ್ಲಿಗೆ ಹೋಯಿತು ಅಂತ ಕೇಳಿ, ಆಗ ವಿಷಯ ತಿಳಿಯುತ್ತದೆ.

ಈ ವರ್ಷ ತರುವ ಸಾಲ 1,16,000 ಕೋಟಿ. ಹಳೇ ಸಾಲದ ಅಸಲು ತೀರಿಸಲು 26,474 ಕೋಟಿ ಬೇಕು. ರಸ್ತೆ, ನೀರಾವರಿ, ಕಟ್ಟಡದಂಥ ಬಂಡವಾಳ ವೆಚ್ಚಕ್ಕೆ 71,336 ಕೋಟಿ. ಇಲ್ಲಿಯವರೆಗೆ ನನಗೆ ತಕರಾರಿಲ್ಲ. ಉಳಿದದ್ದು ನೋಡಿ. ರಾಜಸ್ವ ಆದಾಯ 2,92,477 ಕೋಟಿ, ರಾಜಸ್ವ ವೆಚ್ಚ 3,11,739 ಕೋಟಿ. ಕೊರತೆ 19,262 ಕೋಟಿ. ಅಂದರೆ ಸಂಬಳ, ಪಿಂಚಣಿ, ಬಡ್ಡಿ, ಸಬ್ಸಿಡಿ ಇವಕ್ಕೆ ಆದಾಯ ಸಾಲದೆ ಅಷ್ಟು ಸಾಲ ಮಾಡುತ್ತಿದ್ದೇವೆ. 2002ರಲ್ಲಿ, ಕೇಂದ್ರಕ್ಕಿಂತ ಮೊದಲೇ, ವಿತ್ತೀಯ ಹೊಣೆಗಾರಿಕೆ ಕಾಯ್ದೆ ಮಾಡಿದ ರಾಜ್ಯ ನಮ್ಮದು. ಒಟ್ಟು ಸಾಲ ಜಿಎಸ್‌ಡಿಪಿಯ, ಅಂದರೆ ರಾಜ್ಯದ ಒಟ್ಟು ವಾರ್ಷಿಕ ಉತ್ಪನ್ನದ, ಶೇ. 25 ದಾಟಬಾರದು ಅಂತ ಗೆರೆ. ವರ್ಷದ ಕೊನೆಗೆ ಆಗುವುದು ಶೇ. 24.91.

ಐಟಿ ಹುಡುಗ: ಸಿಂಪಲ್ ಪರಿಹಾರ ಇದೆ ಸಾರ್. ಎಂಪಿಗಳ ಸಂಬಳ ನಿಲ್ಲಿಸಿದರೆ ದೇಶದ ಸಾಲವೇ ತೀರುತ್ತದಂತೆ. ಫಾರ್ವರ್ಡ್ ಹಾಕಿದ್ದೇನೆ.

ಲೆಕ್ಕದ ಸಾರ್: ಲೋಕಸಭೆ 543, ರಾಜ್ಯಸಭೆ 245, ಒಟ್ಟು 788 ಜನ. ತಿಂಗಳಿಗೆ 1.24 ಲಕ್ಷ ಮೂಲ ವೇತನ. ವರ್ಷಕ್ಕೆ ಸುಮಾರು 117 ಕೋಟಿ. 2025-26ರಲ್ಲಿ ಕೇಂದ್ರ ಕಟ್ಟುವ ಬಡ್ಡಿ 12.76 ಲಕ್ಷ ಕೋಟಿ, ದಿನಕ್ಕೆ ಹತ್ತಿರಹತ್ತಿರ 3,500 ಕೋಟಿ. ನಿಮ್ಮ ಪರಿಹಾರ ಒಂದು ಗಂಟೆಯ ಬಡ್ಡಿಗೂ ಸಾಲುವುದಿಲ್ಲ. ಭತ್ಯೆ ಎಲ್ಲ ಸೇರಿಸಿಕೊಳ್ಳಿ, ಒಂದು ದಿನ ದಾಟುವುದಿಲ್ಲ. ನೀತಿ ಅಂತ ವಾದ ಮಾಡಿ, ಒಪ್ಪುತ್ತೇನೆ. ಲೆಕ್ಕ ಅಂತ ತರಬೇಡಿ.

ತುಮಕೂರು ಟ್ರೇಡರ್: ಗ್ಯಾರಂಟಿ ನಿಲ್ಲಿಸಿದರೆ ಎಲ್ಲ ಸರಿಹೋಗುತ್ತದೆ. 51,034 ಕೋಟಿ! ಮನೇಲಿ ಕೂತವರಿಗೆ ಹಂಚುವ ದುಡ್ಡು.

ಹಾವೇರಿ ಅಕ್ಕ: ಮನೇಲಿ ಕೂತವರು ಅಂದರೆ ಯಾರು? ನಾನು ಬೆಳಿಗ್ಗೆ 5ಕ್ಕೆ ಏಳುತ್ತೇನೆ. ಗೃಹಲಕ್ಷ್ಮಿಯ 2,000 ಬಂದರೆ ಮಗಳ ಬಸ್ಸು, ಮಾತ್ರೆ, ಸಿಲಿಂಡರ್. ಅದೂ ತಿಂಗಳು ತಿಂಗಳು ಸರಿಯಾಗಿ ಬರುವುದಿಲ್ಲ.

ತುಮಕೂರು ಟ್ರೇಡರ್: ಅದಕ್ಕೆ ತೆರಿಗೆ ಕಟ್ಟುವವರು ನಾವು.

ಹಾವೇರಿ ಅಕ್ಕ: ನಾನು ಸೋಪು ಕೊಂಡರೆ ಜಿಎಸ್‌ಟಿ ಬಿಡುತ್ತಾರಾ?

ಅಡಿಕೆ ತೋಟ: ಅಕ್ಕ ಸರಿ ಹೇಳಿದ್ದಾರೆ. ನಿಜವಾದ ಅನ್ಯಾಯ ದೆಹಲಿಯದು. ಕೇಂದ್ರದ ತೆರಿಗೆಯಲ್ಲಿ ನಮ್ಮ ಪಾಲು 14ನೇ ಹಣಕಾಸು ಆಯೋಗದಲ್ಲಿ ಶೇ. 4.713 ಇತ್ತು, 15ನೆಯದರಲ್ಲಿ 3.647 ಆಯಿತು. ಅದನ್ನು ಯಾಕೆ ಕೇಳಲ್ಲ?

ತುಮಕೂರು ಟ್ರೇಡರ್: ಬಂತು ನೋಡಿ, ಎಲ್ಲದಕ್ಕೂ ದೆಹಲಿ.

ಲೆಕ್ಕದ ಸಾರ್: ಇಬ್ಬರ ಅಂಕಿಯೂ ಸರಿ. ಆದರೆ ಗ್ಯಾರಂಟಿ ನಿಂತ ಮಾತ್ರಕ್ಕೆ ಎಲ್ಲ ಸರಿಹೋಗುವುದಿಲ್ಲ. ಪಾಲು ಕಡಿಮೆಯಾಯಿತು ಅಂತ ರಾಜಸ್ವ ಕೊರತೆಗೆ ಮಾಫಿಯೂ ಇಲ್ಲ. ಮುಂದಿನ ಪ್ರಶ್ನೆ.

ದುಬೈ ಕನ್ನಡಿಗ: ಸಾರ್, ಊರಲ್ಲಿ ಸೈಟ್ ತೆಗೆದುಕೊಳ್ಳೋಣ ಅಂತಿದ್ದೇನೆ. ಸರ್ಕಾರ ಸಾಲದಲ್ಲಿದ್ದರೆ ಗೈಡೆನ್ಸ್ ವ್ಯಾಲ್ಯೂ ಮತ್ತೆ ಏರಿಸುತ್ತಾರಾ?

ಬೆಳಗಾವಿ ಗೃಹಿಣಿ: ಸಾರ್, ಇದು ಇಲ್ಲಿ ಕೇಳಬಹುದೋ ಇಲ್ಲವೋ. ನಮ್ಮ ಯಜಮಾನರು ಸಣ್ಣ ಗುತ್ತಿಗೆದಾರರು. ಒಂದು ಇಲಾಖೆಗೆ ಹಳ್ಳಿ ರಸ್ತೆ, ಚರಂಡಿ ಮಾಡಿದ್ದಾರೆ. ಕೆಲಸ ಮುಗಿದು ಎರಡು ವರ್ಷ ದಾಟಿದೆ. 38 ಲಕ್ಷ ಬರಬೇಕು. ಎಂಬಿ (ಕೆಲಸದ ಅಳತೆ ಪುಸ್ತಕ) ಬರೆದಿದ್ದಾರೆ, ಬಿಲ್ಲೂ ಆಗಿದೆ. ಹೋದಾಗೆಲ್ಲ 'ಎಲ್‌ಒಸಿ ಬಂದಿಲ್ಲ', ಅಂದರೆ ದುಡ್ಡು ಬಿಡುಗಡೆಯ ಪತ್ರ ಬಂದಿಲ್ಲ, ಅನ್ನುತ್ತಾರೆ. ಜಲ್ಲಿ, ಸಿಮೆಂಟಿನವರಿಗೆ ಕೊಡಲು ನೂರಕ್ಕೆ ತಿಂಗಳಿಗೆ ಮೂರರಂತೆ ಸಾಲ ತಂದಿದ್ದಾರೆ. ಈಗ ಇನ್ನೊಂದು ಟೆಂಡರ್ ಹಿಡಿದರೆ ಹಳೇ ಬಿಲ್ ಬಿಡುಗಡೆ ಆಗುತ್ತದೆ ಅಂತ ಯಾರೋ ಹೇಳಿದ್ದಾರಂತೆ. ರಾತ್ರಿ ನಿದ್ದೆ ಮಾಡಲ್ಲ.

ಲೆಕ್ಕದ ಸಾರ್: ಇದನ್ನೇ ಕೇಳಬೇಕಿತ್ತು ಅಮ್ಮ. ಉಳಿದವರೂ ಓದಿ.

ಸರ್ಕಾರದ ಲೆಕ್ಕ ನಗದಿನ ಲೆಕ್ಕ. ಖಜಾನೆಯಿಂದ ದುಡ್ಡು ಹೊರಗೆ ಹೋದ ದಿನವೇ ಖರ್ಚು. ಕೆಲಸ ಆಗಿದೆ, ಬಿಲ್ಲಿಗೆ ಸಹಿ ಬಿದ್ದಿದೆ, ದುಡ್ಡು ಮಾತ್ರ ಹೋಗಿಲ್ಲ ಅಂದರೆ ಆ ವರ್ಷದ ಖರ್ಚಿನಲ್ಲೂ ಅದು ಇಲ್ಲ, ಕೊರತೆಯಲ್ಲೂ ಇಲ್ಲ. ನಾನು ಮೇಲೆ ಕೊಟ್ಟ 7,64,655 ಕೋಟಿಯಲ್ಲೂ ನಿಮ್ಮ ಯಜಮಾನರ 38 ಲಕ್ಷ ಇಲ್ಲ. ಸರ್ಕಾರ ಮಂಗಳವಾರದ ಆರ್‌ಬಿಐ ಹರಾಜಿನಲ್ಲಿ ಬಾಂಡ್ ಮಾರಿ ತಂದ ಸಾಲಕ್ಕೆ ಬಡ್ಡಿ ಕಟ್ಟುತ್ತದೆ, ತಾರೀಕು ತಪ್ಪುವುದಿಲ್ಲ. ನಿಮ್ಮವರಿಂದ ತಂದ ಸಾಲಕ್ಕೆ ಬಡ್ಡಿಯೂ ಇಲ್ಲ, ತಾರೀಕೂ ಇಲ್ಲ. ಆ ಬಡ್ಡಿಯನ್ನು ನಿಮ್ಮ ಮನೆ ಕಟ್ಟುತ್ತಿದೆ, ವರ್ಷಕ್ಕೆ ಶೇ. 36. ಶೇ. 24.91ನ್ನು ನಾನು ಪೂರ್ತಿ ನಂಬದಿರುವುದು ಇದಕ್ಕೇ. ಯಾವ ಪಕ್ಷ ಇದ್ದರೂ ಈ ಚಾಳಿ ಇದ್ದದ್ದೇ. ಅನುದಾನಕ್ಕಿಂತ ಜಾಸ್ತಿ ಕಾಮಗಾರಿ ಮಂಜೂರು ಮಾಡುವುದು, ಆಮೇಲೆ ಬಿಲ್ಲುಗಳನ್ನು ಸಾಲು ನಿಲ್ಲಿಸುವುದು.

ಈಗ ನೀವು ಮಾಡಬೇಕಾದ್ದು. ಹೊಸ ಟೆಂಡರ್ ಬೇಡ. ಹಳೇ ಬಿಲ್ಲಿಗೆ ಹೊಸ ಟೆಂಡರ್ ಅನ್ನುವುದು ನಿಯಮ ಅಲ್ಲ, ಬಲೆ. ಎಂಬಿ ಪುಟಗಳ ಪ್ರತಿ ಇಲ್ಲದಿದ್ದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ, 30 ದಿನದಲ್ಲಿ ಉತ್ತರ ಕೊಡಬೇಕು. ಅದರಲ್ಲೇ ಬಿಲ್ಲುಗಳ ಜ್ಯೇಷ್ಠತಾ ಪಟ್ಟಿಯನ್ನೂ ಕೇಳಿ. ನಿಮ್ಮ ನಂತರದ ಬಿಲ್ ಪಾಸಾಗಿದ್ದರೆ ಅದು ಗಟ್ಟಿ ಸಾಕ್ಷಿ.

ಎಲ್ಲಕ್ಕಿಂತ ಮುಖ್ಯ, ಹಣ ವಸೂಲಿ ದಾವೆಗೆ ಸಾಮಾನ್ಯವಾಗಿ ಮೂರು ವರ್ಷದ ಕಾಲಮಿತಿ ಇದೆ. ನಿಮಗೆ ಎರಡು ಕಳೆದಿದೆ. 'ಇಷ್ಟು ಮೊತ್ತ ಬಾಕಿ ಇದೆ' ಅಂತ ಇಲಾಖೆಯಿಂದ ಸಹಿ ಇರುವ ಪತ್ರ ಆ ಮೂರು ವರ್ಷದೊಳಗೆ ಸಿಕ್ಕರೆ, ಸಹಿ ಬಿದ್ದ ದಿನದಿಂದ ಲೆಕ್ಕ ಹೊಸದಾಗಿ ಶುರು. ಸರ್ಕಾರದ ಮೇಲೆ ದಾವೆ ಹೂಡುವ ಮುಂಚೆ ಎರಡು ತಿಂಗಳ ನೋಟಿಸ್ ಕೊಡಬೇಕು, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಬಾಕಿ ಒಪ್ಪಿಕೊಂಡಿದ್ದರೆ ಹೈಕೋರ್ಟಿನ ಧಾರವಾಡ ಪೀಠದಲ್ಲಿ ರಿಟ್ ಅರ್ಜಿ ಹಾಕುವ ದಾರಿಯೂ ಇದೆ. ಗುತ್ತಿಗೆ ವಿಷಯ ಬಲ್ಲ ವಕೀಲರನ್ನು ಈ ತಿಂಗಳೇ ನೋಡಿ. ಸಾಲ ಕೊಟ್ಟವರು ಮನೆಗೆ ಬಂದು ಹೆದರಿಸಿದರೆ ಪೊಲೀಸರಿಗೆ ದೂರು ಕೊಡಿ. ಬಲವಂತದ ವಸೂಲಿ ವಿರುದ್ಧ ರಾಜ್ಯ 2025ರಲ್ಲಿ ಕಾನೂನು ತಂದಿದೆ. ಯಜಮಾನರನ್ನು ಒಬ್ಬರನ್ನೇ ಬಿಡಬೇಡಿ. ಅವರ ನಿದ್ದೆಯ ವಿಷಯ ಡಾಕ್ಟರಿಗೂ ಹೇಳಿ.

ಮಂಗಳೂರು ರೀಡರ್: ಸಾರ್, ಸಣ್ಣ ಉದ್ದಿಮೆಗಳ ಎಂಎಸ್‌ಎಂಇ ಕಾಯ್ದೆಯಲ್ಲಿ 45 ದಿನದೊಳಗೆ ಪಾವತಿ, ತಪ್ಪಿದರೆ ಚಕ್ರಬಡ್ಡಿ ಇದೆಯಲ್ಲ?

ಲೆಕ್ಕದ ಸಾರ್: ಇದೆ. ಆದರೆ ರಸ್ತೆ, ಕಟ್ಟಡದಂಥ ಕಾಮಗಾರಿ ಗುತ್ತಿಗೆಗೆ ಅದು ಅನ್ವಯಿಸುವುದಿಲ್ಲ ಅಂತ ಹಲವು ಹೈಕೋರ್ಟ್ ತೀರ್ಪುಗಳಿವೆ. ಅದೊಂದನ್ನೇ ನಂಬಿ ಕೂರಬೇಡಿ. ಪ್ರಶ್ನೆ ಒಳ್ಳೆಯದು.

ಕೆಜಿಎಫ್ ಬಾಯ್: ನೋಟು ಪ್ರಿಂಟ್ ಮಾಡಿ ಎಲ್ಲ ಬಿಲ್ ಕೊಟ್ಟುಬಿಡಬಹುದಲ್ಲ? ದೊಡ್ಡ ಅರ್ಥಶಾಸ್ತ್ರಜ್ಞರೇ ಹೇಳಿದ ಮೆಸೇಜ್ ಇದೆ.

ಲೆಕ್ಕದ ಸಾರ್: ರಾಜ್ಯಕ್ಕೆ ನೋಟು ಮುದ್ರಿಸುವ ಅಧಿಕಾರ ಇಲ್ಲ. ಕೇಂದ್ರದ ಬಾಂಡನ್ನು ಆರ್‌ಬಿಐ ನೇರವಾಗಿ ಕೊಳ್ಳುವುದಕ್ಕೂ 2006ರಿಂದ ನಿರ್ಬಂಧ ಇದೆ. ಜಿಂಬಾಬ್ವೆ ನೂರು ಲಕ್ಷ ಕೋಟಿ ಡಾಲರಿನ ನೋಟು ಮುದ್ರಿಸಿತು, ಆಮೇಲೆ ಆ ಕರೆನ್ಸಿಯನ್ನೇ ಕೈಬಿಟ್ಟಿತು. ಆ ಮೆಸೇಜ್ ಡಿಲೀಟ್ ಮಾಡಿ.

ಶಿವಮೊಗ್ಗ ನಿವೃತ್ತ: ಹಾಗಾದರೆ ದೇವಸ್ಥಾನದ ಚಿನ್ನ ಅಡ ಇಡಲಿ. 1991ರಲ್ಲಿ ಇಟ್ಟಿರಲಿಲ್ಲವಾ?

ಲೆಕ್ಕದ ಸಾರ್: ಆಗ ಸುಮಾರು 47 ಟನ್ ಇಟ್ಟದ್ದು ಆರ್‌ಬಿಐ ಚಿನ್ನ, ಡಾಲರ್ ಖಾಲಿಯಾಗಿದ್ದಕ್ಕೆ. ಈಗ ಮಾತಾಡುತ್ತಿರುವುದು ರೂಪಾಯಿ ಸಾಲ.

ಐಟಿ ಹುಡುಗ: ಶ್ರೀಲಂಕಾ ತರಹ ಆಗುತ್ತದೆ ಅಂತ ಎಲ್ಲರೂ ಹೇಳುತ್ತಿದ್ದಾರೆ. ಅಕ್ಕಿ ಸ್ಟಾಕ್ ಮಾಡಬೇಕಾ?

ಲೆಕ್ಕದ ಸಾರ್: ಬೇಡ. 2022ರ ಏಪ್ರಿಲ್‌ನಲ್ಲಿ ಶ್ರೀಲಂಕಾ ಕೈಚೆಲ್ಲಿದ್ದು ವಿದೇಶಿ ಸಾಲಕ್ಕೆ. ಎಣ್ಣೆ, ಔಷಧಿ ತರಲು ಅವರ ಹತ್ತಿರ ಡಾಲರ್ ಇರಲಿಲ್ಲ. ನಮ್ಮ ಸಾಲ ಬಹುಪಾಲು ನಮ್ಮವರಿಗೇ, ನಮ್ಮ ಬ್ಯಾಂಕು, ವಿಮೆ, ಪಿಎಫ್‌ಗಳಿಗೆ. ನಮ್ಮಲ್ಲಿ ಕಷ್ಟ ಬೇರೆ ವೇಷದಲ್ಲಿ ಬರುತ್ತದೆ. ಬಿಲ್ ನಿಲ್ಲುತ್ತದೆ, ನೇಮಕಾತಿ ನಿಲ್ಲುತ್ತದೆ, ಬಸ್ ದರ ಏರುತ್ತದೆ.

ಕೊಪ್ಪಳ ಆಕಾಂಕ್ಷಿ: ಸಾರ್ ನೇಮಕಾತಿ ಅಂದಿರಿ. ವಯೋಮಿತಿ ಮುಗಿಯುತ್ತಿದೆ. ಈ ವರ್ಷ ಅಧಿಸೂಚನೆ ಬರುತ್ತದಾ?

ಗದಗ ಗೆಳೆಯ: ಸಾರ್ ಒಬ್ಬೊಬ್ಬರ ತಲೆ ಮೇಲೆ ಎಷ್ಟು ಸಾಲ ಇದೆ?

ಲೆಕ್ಕದ ಸಾರ್: ಮೇಲೆ ಓದಿ.

ತುಮಕೂರು ಟ್ರೇಡರ್: ಸಾರ್ ಜಾಣತನದಿಂದ ಗ್ಯಾರಂಟಿ ವಿಷಯ ಹಾರಿಸಿದರು. ಸರ್ಕಾರಿ ಪಿಂಚಣಿ ತಿನ್ನುವವರು ಇನ್ನೇನು ಹೇಳುತ್ತಾರೆ.

ಹಾವೇರಿ ಅಕ್ಕ: ಮಾತು ನೆಟ್ಟಗಿರಲಿ. ವಯಸ್ಸಿಗಾದರೂ ಮರ್ಯಾದೆ ಕೊಡಿ.

ಲೆಕ್ಕದ ಸಾರ್: ಹಾರಿಸಿಲ್ಲ. ಪಿಂಚಣಿಯೂ ಅದೇ ರಾಜಸ್ವ ವೆಚ್ಚದಲ್ಲಿದೆ, ಗ್ಯಾರಂಟಿಯೂ ಅದರಲ್ಲೇ ಇದೆ. ನನ್ನದನ್ನೂ ಸೇರಿಸಿಯೇ ಕೊರತೆ ಹೇಳಿದ್ದು. ನಿಮಗೆ ಬೇಕಾದದ್ದು ಬೈಗುಳ, ಅದು ನನ್ನ ಹತ್ತಿರ ಇಲ್ಲ.

ಬೀದರ್ ಬ್ರದರ್: ತಲೆ ಮೇಲೆ ಎಷ್ಟು ಸಾಲ ಸಾರ್, ಯಾರಾದರೂ ಹೇಳಿ.

ಅಡಿಕೆ ತೋಟ: ಅಡ್ಮಿನ್, ಟ್ರೇಡರನ್ನು ಗ್ರೂಪಿನಿಂದ ತೆಗೆಯಿರಿ.

ತುಮಕೂರು ಟ್ರೇಡರ್: ತೆಗೆಯಿರಿ ನೋಡೋಣ.

ಅಡ್ಮಿನ್: ಇಬ್ಬರೂ ಸುಮ್ನಿರಿ. ಹೊಸ ಪ್ರಶ್ನೆ ತಗೊಳ್ಳಲ್ಲ. ಬೆಳಗಾವಿಯವರು ಏನಾದರೂ ಕೇಳುವುದಿದ್ದರೆ ಕೇಳಲಿ.

ಬೆಳಗಾವಿ ಗೃಹಿಣಿ: ಸಾರ್, ಯಜಮಾನರು ಇವತ್ತೇ ಹೋಗಿ ಬಾಕಿ ಇದೆ ಅಂತ ಬರೆಸಿಕೊಂಡು ಬಂದರು. ಕಚೇರಿ ಸೀಲ್ ಇದೆ, ಗುಮಾಸ್ತರ ಇನಿಷಿಯಲ್ ಇದೆ. ತಾರೀಕು ಹಾಕಿಲ್ಲ. ಸಾಕಾ?

ಲೆಕ್ಕದ ಸಾರ್: ಸಾಲದು. ಎಕ್ಸಿಕ್ಯುಟಿವ್ ಎಂಜಿನಿಯರ್ ಸಹಿ, ತಾರೀಕು, ಮೊತ್ತ, ಕಾಮಗಾರಿಯ ಹೆಸರು, ನಾಲ್ಕೂ ಇರಬೇಕು. ಮನವಿಯನ್ನು ಎರಡು ಪ್ರತಿ ಮಾಡಿ, ಒಂದಕ್ಕೆ ಕಚೇರಿಯ ಟಪಾಲು ವಿಭಾಗದಲ್ಲಿ ಸ್ವೀಕೃತಿ ಹಾಕಿಸಿಕೊಳ್ಳಿ. ನಾಳೆ ನೀವೂ ಜೊತೆಗೆ ಹೋಗಿ.